ಮೊದಲು ಕೈ, ಆಮೇಲೆ ಕೂಗು

ನಮ್ಮ ಊರಿನ ತಮಟೆಯವರು ನಾಲ್ಕೇ ನಾಲ್ಕು ಏಟು ಬಾರಿಸಿ ನಿಲ್ಲಿಸಿದರು. 2016ರ ಡಿಸೆಂಬರ್ ತಿಂಗಳ ಆ ಸಂಜೆಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕೇಳಿಸುವುದು ಆ ನಾಲ್ಕು ಏಟು. ಗೆದ್ದೆವೆಂದು ಎದ್ದ ಸದ್ದು, ಅಂಪೈರ್ ಸೀಟಿ ಊದುತ್ತಲೇ ಇರುವುದು ಕೇಳಿಸಿ, ಹಾಗೇ ಅಡಗಿಹೋಯಿತು.

ಖೋ ಖೋ ಫೈನಲ್ ಅದು. ತಿಪಟೂರು ತಾಲ್ಲೂಕಿನ ನಮ್ಮ ಊರು ಮತ್ತು ಅಕ್ಕಪಕ್ಕದ ಎರಡು ಹಳ್ಳಿಗಳ ಹುಡುಗಿಯರು ಸೇರಿದ ತಂಡ ನಮ್ಮದು. ಹೊರ ಜಿಲ್ಲೆಯೊಂದರಲ್ಲಿ ನಡೆದ ರಾಜ್ಯ ಮಟ್ಟದ ಟೂರ್ನಿಯಲ್ಲಿ ಫೈನಲ್ ತಲುಪಿದ್ದೆವು. ಎರಡು ಇನ್ನಿಂಗ್ಸ್ ಮುಗಿದಾಗ ಅಂಕ ಸಮ. ಹೆಚ್ಚುವರಿ ಇನ್ನಿಂಗ್ಸ್ ಆಡಿಸಿದರು, ಆಗಲೂ ಸಮ. ಆಮೇಲೆ ಉಳಿಯುವುದು ಮಿನಿಮಮ್ ಚೇಸ್. ಎರಡೂ ತಂಡಗಳಿಗೆ ಒಂದೊಂದು ಸಲ ಅಟ್ಟುವ ಸರದಿ; ಎದುರಾಳಿಯ ಮೊದಲ ಆಟಗಾರ್ತಿಯನ್ನು ಯಾರು ಕಡಿಮೆ ಸಮಯದಲ್ಲಿ ಮುಟ್ಟುತ್ತಾರೋ ಅವರಿಗೆ ಕಪ್. ಅವರು ಮೊದಲು ಅಟ್ಟಿದರು. 41 ಸೆಕೆಂಡಿನಲ್ಲಿ ನಮ್ಮವಳೊಬ್ಬಳು ಸಿಕ್ಕಿಬಿದ್ದಳು. ನಾವು ಅದಕ್ಕಿಂತ ಬೇಗ ಮುಟ್ಟಬೇಕಿತ್ತು.

ಖೋ ಖೋದಲ್ಲಿ ಅಟ್ಟುವ ತಂಡದ ಎಂಟು ಜನ ನಡುಸಾಲಿನಲ್ಲಿ ಒಬ್ಬರು ಆ ಕಡೆಗೆ, ಒಬ್ಬರು ಈ ಕಡೆಗೆ ಮುಖ ಮಾಡಿ ಕುಳಿತಿರುತ್ತಾರೆ. ಎದುರಾಳಿಯನ್ನು ಅಟ್ಟುತ್ತಿರುವ ಒಂಬತ್ತನೆಯವಳು ಸಾಲನ್ನು ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ಎದುರಾಳಿ ಆ ಬದಿಗೆ ಜಾರಿದರೆ, ಆ ಬದಿಗೆ ಮುಖ ಮಾಡಿ ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು. ಕೈ ಮುಟ್ಟುವುದೂ ಬಾಯಿ ಕೂಗುವುದೂ ಒಟ್ಟಿಗೇ ಆಗಬೇಕು. ಹಿಂದುಮುಂದಾದರೆ ಫೌಲ್. ಫೌಲ್ ಆದರೆ ಬಂದ ದಿಕ್ಕಿಗೇ ವಾಪಸು ಓಡಬೇಕು.

ನಾನು ಅಟ್ಟುತ್ತಿದ್ದೆ. ಅವರ ಹುಡುಗಿ ನನ್ನ ಬೆರಳಿಗೆ ಒಂದು ಗೇಣು ದೂರದಲ್ಲಿದ್ದಳು. ಸೊಂಟ ಬಳುಕಿಸಿ ಸಾಲಿನ ಆಚೆಗೆ ನುಸುಳಿದಳು. ನನ್ನ ಪಕ್ಕದಲ್ಲೇ ನನ್ನ ಗೆಳತಿಯ ಬೆನ್ನಿತ್ತು. ಮುಟ್ಟಿದೆ, ಕೂಗಿದೆ, ಅವಳು ಚಿಗರೆಯಂತೆ ಎದ್ದು ಎರಡೇ ಹೆಜ್ಜೆಯಲ್ಲಿ ಎದುರಾಳಿಯನ್ನು ಮುಟ್ಟಿಬಿಟ್ಟಳು. ಗಡಿಯಾರ 38 ತೋರಿಸುತ್ತಿತ್ತು. ತಮಟೆ ಶುರುವಾಯಿತು. ಆದರೆ ಸೀಟಿ ಅದಕ್ಕೂ ಮೊದಲೇ ಬಿದ್ದಿತ್ತು. ಫೌಲ್. ನಾನು ಹಿಂದಿರುಗಿ ಓಡಿದೆ, ಮತ್ತೊಬ್ಬಳಿಗೆ ಖೋ ಕೊಟ್ಟೆ. ಕೊನೆಗೆ ನಮ್ಮ ನಾಯಕಿ ಸಾಲಿನ ತುದಿಯ ಕಂಬದ ಹತ್ತಿರ ಒಬ್ಬಳನ್ನು ಕೆಡವಿದಾಗ 44 ಸೆಕೆಂಡ್ ಆಗಿತ್ತು.

ಮೂರು ಸೆಕೆಂಡ್.

ನಾನು ಅಲ್ಲೇ ಕುಳಿತೆ. ಅಳು ಬರಲಿಲ್ಲ. ಬಲಗೈಯನ್ನು ನೋಡಿಕೊಂಡೆ, ಅಂಗೈಯಲ್ಲಿ ಗೆಳತಿಯ ಬನಿಯನ್ನಿನ ಬೆವರು ಇನ್ನೂ ಆರಿರಲಿಲ್ಲ. ಅತ್ತ ಬೆಳಗ್ಗೆ ಮೂರನೆಯ ಸ್ಥಾನಕ್ಕೆ ಆಡಿ ಗೆದ್ದಿದ್ದ ಹುಡುಗಿಯರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರಿಗಿಂತ ದೊಡ್ಡ ಕಪ್ ನಮಗೆ ಸಿಗುವುದರಲ್ಲಿತ್ತು. ಆದರೂ ಆ ಮೈದಾನದಲ್ಲಿ ಅವರಷ್ಟು ಸುಖಿಗಳು ಯಾರೂ ಇರಲಿಲ್ಲ. ಮುಂದೆ ದೈಹಿಕ ಶಿಕ್ಷಣದ ತರಬೇತಿಗೆ ಹೋದಾಗ ಇದರ ಬಗ್ಗೆ ಓದಿದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೊಗಳಲ್ಲಿ ಪದಕ ಪಡೆದವರ ಮುಖಗಳನ್ನು ಅಮೆರಿಕದ ಮನೋವಿಜ್ಞಾನಿಗಳು ಜನರಿಗೆ ತೋರಿಸಿ ಅಳೆಸಿದ್ದರು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲೇ ಹೆಚ್ಚು ಸಂತೋಷ ಕಂಡಿತೆಂದು 1995ರಲ್ಲಿ ಬರೆದರು. ಕಂಚಿನವರು ಏನೂ ಸಿಗದೆ ಹೋಗಬಹುದಿತ್ತು ಎಂದು ನೋಡುತ್ತಾರೆ, ಬೆಳ್ಳಿಯವರು ಚಿನ್ನ ಕೈತಪ್ಪಿದ್ದನ್ನು ನೋಡುತ್ತಾರೆ ಎಂಬುದು ಅವರ ವಿವರಣೆ. ಪುಟ ಓದಿ ಮುಗಿಸಿದಾಗ ನನಗೆ ಆ ಹುಡುಗಿಯರ ಫೋಟೊ ನೆನಪಾಯಿತು. ನಾಕೌಟ್ ಟೂರ್ನಿಯಲ್ಲಿ ಇನ್ನೊಂದು ಮಾತೂ ಇದೆ: ಮೂರನೆಯವರು ತಮ್ಮ ಕೊನೆಯ ಪಂದ್ಯವನ್ನು ಗೆದ್ದು ಮನೆಗೆ ಹೋಗುತ್ತಾರೆ, ಎರಡನೆಯವರು ಸೋತು ಹೋಗುತ್ತಾರೆ.

ನಮ್ಮ ಜೊತೆ ಊರಿನಿಂದ ಟೆಂಪೊದಲ್ಲಿ ಜನ ಬಂದಿದ್ದರು. ಐನೂರು, ಸಾವಿರದ ನೋಟು ರದ್ದಾಗಿ ತಿಂಗಳು ಕಳೆದಿತ್ತಷ್ಟೆ. ಕೈಯಲ್ಲಿ ದುಡ್ಡಿದ್ದವರಿಗೂ ಚಿಲ್ಲರೆ ಇಲ್ಲದ ಕಾಲ. ಮಳೆ ಕೈಕೊಟ್ಟು ತೆಂಗಿನ ತೋಟಗಳು ಸೊರಗಿದ್ದವು. ಅಂಥ ಹೊತ್ತಿನಲ್ಲಿ ಮನೆಮನೆಗೆ ಹೋಗಿ ನೂರು, ಐವತ್ತು ಕೂಡಿಸಿ ಟೆಂಪೊ ಗೊತ್ತುಮಾಡಿದ್ದರು. ಸೀಟಿನ ಕೆಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೇವಂತಿಗೆ ಹಾರಗಳಿದ್ದವು. ಹಿಂದಿರುಗುವಾಗ ನಮ್ಮ ತಂಡ ಹತ್ತಬೇಕಿದ್ದ ಮೆಟಡೋರ್ ವ್ಯಾನ್ ತಪ್ಪಿಹೋಗಿ ನಾವು ಆಟಗಾರ್ತಿಯರೂ ಅದೇ ಟೆಂಪೊ ಹತ್ತಬೇಕಾಯಿತು. ತಮಟೆಯವರು ತಮಟೆಗಳನ್ನು ಮಡಿಲಲ್ಲಿ ಕವುಚಿಟ್ಟುಕೊಂಡು ಕುಳಿತಿದ್ದರು. ಗುಂಡಿ ಬಂದಾಗ ಅವು ತಾವಾಗಿ ಗುಮ್ಮೆನ್ನದಂತೆ ಅಂಗೈಯಿಂದ ಒತ್ತಿಹಿಡಿದಿದ್ದರು. ಇಡೀ ದಾರಿ ಸೇವಂತಿಗೆಯ ವಾಸನೆ. ಯಾರಾದರೂ ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

ಬೈಗುಳ ಶುರುವಾದದ್ದು ಅರಸೀಕೆರೆ ದಾಟಿದ ಮೇಲೆ. ಬೈದದ್ದು ನನ್ನನ್ನಲ್ಲ, ಅಂಪೈರನ್ನು. ಟೀ ಅಂಗಡಿ ಮಾವ ಮೊದಲು ಬಾಯಿ ತೆರೆದರು: “ಅದು ಫೌಲ್ ಆಗಿರಲಿಲ್ಲ. ನಾನು ಕಣ್ಣಾರೆ ನೋಡಿದೆ.” ಒಬ್ಬೊಬ್ಬರಾಗಿ ಎಲ್ಲರೂ ಕಣ್ಣಾರೆ ನೋಡಿದವರೇ ಆದರು. ತಿಪಟೂರು ಬರುವಷ್ಟರಲ್ಲಿ ಅಂಪೈರ್ ಆ ಕಡೆಯ ತಂಡದ ಊರಿನವನೇ ಎಂದಾಗಿತ್ತು. ನಾನು ಕಿಟಕಿಗೆ ತಲೆ ಒರಗಿಸಿ ಸುಮ್ಮನಿದ್ದೆ. ನನ್ನ ಗೆಳತಿ, ನಾನು ಬೆನ್ನು ಮುಟ್ಟಿದ್ದವಳು, ನನ್ನ ಪಕ್ಕದಲ್ಲೇ ಕುಳಿತಿದ್ದಳು. ಅವಳೂ ಸುಮ್ಮನಿದ್ದಳು.

ಯಾಕೆಂದರೆ ಅದು ಫೌಲ್ ಆಗಿತ್ತು. ನನ್ನ ಕೈ ಮೊದಲು ಹೋಗಿತ್ತು, ಕೂಗು ಆಮೇಲೆ ಬಂದಿತ್ತು. ಎಷ್ಟು ಆಮೇಲೆ ಎಂದರೆ ಅಳೆಯಲು ಬಾರದಷ್ಟು. ಆದರೆ ನನಗೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ಕೊಬ್ಬರಿಗೆಂದು ಕಾಯಿ ಹಾಕುವ ಅಟ್ಟವಿದೆ. ತಿಪಟೂರು ಕಡೆಯವರಿಗೆ ಇದನ್ನು ಹೇಳಬೇಕಿಲ್ಲ, ಬೇರೆಯವರಿಗೆಂದು ಹೇಳುತ್ತೇನೆ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನಬೇಕು, ಆಗ ಸುಲಿಯುವುದು. ನಾನು ಮರುದಿನ ಆ ಅಟ್ಟ ಹತ್ತಿದವಳು ಐದು ದಿನ ಊಟಕ್ಕೆ, ನಿದ್ದೆಗೆ ಬಿಟ್ಟರೆ ಕೆಳಗಿಳಿಯಲಿಲ್ಲ. ಕಾಲೇಜಿಗೆ ಹೋಗಲಿಲ್ಲ. ಕತ್ತಲಲ್ಲಿ ಕುಳಿತು ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದೆ. ಬಾಯಲ್ಲಿ ಮೆಲ್ಲಗೆ ‘ಖೋ’ ಎನ್ನುತ್ತಿದ್ದೆ, ಕೈಯಿಂದ ಕಾಯಿ ತಟ್ಟುತ್ತಿದ್ದೆ. ಒಟ್ಟಿಗೇ ಆಗುತ್ತಿತ್ತು. ಅಲ್ಲಿ ಒಂದು ಸಲವೂ ತಪ್ಪಲಿಲ್ಲ.

ಸಮಾಧಾನ ಹೇಳಲು ಬಂದವರು ಕಡಿಮೆಯಿಲ್ಲ. ಆಟದಲ್ಲಿ ಸೋಲು ಗೆಲುವು ಇದ್ದದ್ದೇ ಎಂದರು. ರನ್ನರ್ ಅಪ್ ಆಗುವುದೂ ಸಣ್ಣ ಮಾತಲ್ಲ ಎಂದರು. ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು ಪಿ.ಟಿ. ಉಷಾ ಅವರ ಕಥೆ ಹೇಳಿದರು: 1984ರ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್, ಉಷಾ 55.42 ಸೆಕೆಂಡ್, ಕಂಚು ಗೆದ್ದ ರೊಮೇನಿಯಾದವರು 55.41, ನಿನ್ನದು ಮೂರು ಸೆಕೆಂಡ್, ಅವರದು ಒಂದು ಸೆಕೆಂಡಿನ ನೂರನೇ ಒಂದು ಪಾಲು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನ್ನ ದುಃಖ ಅದರಿಂದ ಒಂದಿಷ್ಟೂ ಇಳಿಯಲಿಲ್ಲ; ಉಷಾ ಅವರ ದುಃಖವೂ ಅದಕ್ಕೆ ಸೇರಿಕೊಂಡಿತು. ಅಂದು ರಾತ್ರಿ ಅವರು ಎಲ್ಲಿ ಕುಳಿತಿದ್ದಿರಬಹುದು, ಯಾರು ಪಕ್ಕದಲ್ಲಿದ್ದಿರಬಹುದು ಎಂದು ಯೋಚಿಸುತ್ತ ಮಲಗಿದೆ.

ಏನೂ ಹೇಳದೆ ಇದ್ದವನು ನಮ್ಮ ಅಣ್ಣ ಒಬ್ಬನೇ. ಅದಕ್ಕೂ ಒಂದು ಹಿನ್ನೆಲೆಯಿದೆ. ಅದೇ ವರ್ಷ ಮೇ 29ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಫೈನಲ್ ನಡೆದಿತ್ತು. ಅಣ್ಣ ಆರ್‌ಸಿಬಿ ಎಂದರೆ ಪ್ರಾಣ ಬಿಡುವವನು. ಹೈದರಾಬಾದ್ 208 ಹೊಡೆದಿತ್ತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೆ 114 ಸೇರಿಸಿದಾಗ ಅಣ್ಣ ಬೀದಿಗೆ ಹೋಗಿ ಪಟಾಕಿಯ ಸರ ಬಿಚ್ಚಿಟ್ಟು ಬಂದಿದ್ದ. ಎಂಟು ರನ್‌ನಿಂದ ಸೋತರು. ಅವನು ಟಿ.ವಿ. ಆರಿಸದೆ, ಊಟ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದ. ಆಗ ನಾನು ಅವನಿಗೆ ಹೇಳಿದ್ದೆ: “ನೀನೇನು ಆಡಿದ್ದೆಯಾ? ಎದ್ದು ಊಟ ಮಾಡು, ಅವರೆಲ್ಲ ಊಟ ಮಾಡಿ ಮಲಗಿರುತ್ತಾರೆ.” ಹದಿನೆಂಟು ವರ್ಷದವಳ ಮಾತು. ಅವನು ತಿರುಗಿ ನೋಡಿದ ನೋಟ ನನಗೆ ಅರ್ಥವಾದದ್ದು ಅಟ್ಟದ ಮೇಲೆ ಕುಳಿತಾಗ. ಮನಸ್ಸು ಮಾಡಿದ್ದರೆ ಅವನು ಆ ಮಾತನ್ನು ನನಗೇ ತಿರುಗಿಸಬಹುದಿತ್ತು. ಮಾಡಲಿಲ್ಲ. ಎರಡನೆಯ ದಿನ ಏಣಿ ಹತ್ತಿ ಬಂದು ಮುದ್ದೆ, ಅವರೆಕಾಳಿನ ಸಾರು ಇಟ್ಟು, ನಾನು ಉಣ್ಣುವವರೆಗೂ ಅಲ್ಲೇ ಕುಳಿತಿದ್ದು, ತಟ್ಟೆ ತೆಗೆದುಕೊಂಡು ಇಳಿದುಹೋದ.

ಐದನೆಯ ದಿನ ಅಮ್ಮ ಕೆಳಗಿನಿಂದ ಕೂಗಿದಳು: “ಅವರೆಕಾಳು ನೆನೆದಿದೆ, ಹಿತುಕಲು ಕೈ ಬೇಕು, ಬಾ.” ಸಮಾಧಾನ ಹೇಳಲು ಕರೆದಿದ್ದರೆ ಹೋಗುತ್ತಿರಲಿಲ್ಲ. ಕೆಲಸಕ್ಕೆ ಕರೆದಳು, ಹೋದೆ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಸಿಪ್ಪೆಯ ರಾಶಿ ಬೆಳೆಯುತ್ತಿತ್ತು. ಅಮ್ಮ ತಲೆ ಎತ್ತದೆ, “ಆ ಹಾರಗಳನ್ನು ಊರಮ್ಮನಿಗೆ ಹಾಕಿಸಿದೆ, ಬಾಡಿಹೋಗುತ್ತಿದ್ದವು” ಎಂದಳು. ಆಗ ಅಳು ಬಂತು. ಅಳುತ್ತಲೇ ಹಿತುಕಿದೆ. ಅವಳು ನಿಲ್ಲಿಸು ಎನ್ನಲಿಲ್ಲ.

ಅಭ್ಯಾಸಕ್ಕೆ ಮರಳಿದ್ದು ಸಂಕ್ರಾಂತಿ ಕಳೆದ ಮೇಲೆ. ಅಂಗಳ ಅದೇ, ಕಂಬಗಳು ಅವೇ. ಆದರೆ ನನ್ನ ಕೈ ಬದಲಾಗಿತ್ತು. ಬೆನ್ನಿನ ಹತ್ತಿರ ಬಂದಾಗ ಹೆದರಿ ತಡೆಯುತ್ತಿತ್ತು. ‘ಖೋ’ ಎಂದು ಕೂಗಿಯಾದ ಮೇಲೆ ಮುಟ್ಟುತ್ತಿದ್ದೆ. ಅದೂ ಫೌಲೇ. ಮೊದಲು ಕೈ ಮುಂದಾಗಿ ಸೋತೆ, ಈಗ ಬಾಯಿ ಮುಂದಾಗಿ ಕೆಡುತ್ತಿದ್ದೆ. ಒಂದು ಸಂಜೆ ಏಳು ಬಾರಿ ಹಾಗಾಯಿತು. ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ನಡೆದೆ.

ನಮಗೆ ಹೇಳಿಕೊಡುತ್ತಿದ್ದ ಸರ್ ನಿವೃತ್ತ ಶಿಕ್ಷಕರು. ಮಾತು ಕಡಿಮೆ. ಮರುದಿನ ನನ್ನನ್ನು ಓಡಲು ಬಿಡಲಿಲ್ಲ. “ಹದಿನೈದು ದಿನ ನೀನು ಓಡಬೇಡ, ಕುಳಿತಿರು. ಕಣ್ಣು ಮುಚ್ಚಿಕೋ. ಹಿಂದಿನಿಂದ ಬಂದು ಮುಟ್ಟುತ್ತಾರೆ. ಕೈ ಮೊದಲೋ, ಕೂಗು ಮೊದಲೋ ಹೇಳು. ಅಷ್ಟೇ ನಿನ್ನ ಕೆಲಸ” ಎಂದರು. ಇದು ಶಿಕ್ಷೆಯೆಂದೇ ಭಾವಿಸಿ ಕುಳಿತೆ. ಒಬ್ಬೊಬ್ಬರಾಗಿ ಬಂದು ಬೆನ್ನು ಮುಟ್ಟಿ ಕೂಗಿ ಹೋದರು. ಮೊದಲ ಎರಡು ದಿನ ಏನೂ ತಿಳಿಯಲಿಲ್ಲ. ಮೂರನೆಯ ದಿನದ ಹೊತ್ತಿಗೆ ಬೆನ್ನಿಗೆ ಕಿವಿ ಬಂದಂತಾಯಿತು. ಮುಂಚೆ ಬಂದ ಕೈಗೆ ಒಂದು ಬಗೆಯ ಭಾರವಿರುತ್ತದೆ. ಕೂಗಿನ ಹಿಂದೆ ಬಂದ ಕೈ ಹಗುರವಾಗಿ, ಹೆದರಿದಂತೆ ತಾಗುತ್ತದೆ. ಒಟ್ಟಿಗೆ ಬಂದದ್ದು ಮಾತ್ರ ಬೇರೆಯೇ. ಅದು ತಾಗಿತೆಂದು ಗೊತ್ತಾಗುವಷ್ಟರಲ್ಲಿ ಕಾಲು ತಾನಾಗಿ ಎದ್ದಿರುತ್ತದೆ. ಆ ಹದಿನೈದು ದಿನ ನಮ್ಮ ತಂಡದ ಹುಡುಗಿಯರೆಲ್ಲರೂ ಫೌಲ್ ಮಾಡಿದರು, ನಾಯಕಿಯೂ. ಅವರ ಫೌಲುಗಳನ್ನೆಲ್ಲ ನನ್ನ ಬೆನ್ನು ಎಣಿಸಿತು.

ಹಾಗೆ ಕುಳಿತಿದ್ದಾಗಲೇ ನನಗೊಂದು ಸಂಗತಿ ಹೊಳೆದು ಮೈ ಝುಮ್ಮೆಂದಿತು. ನನ್ನ ಬೆನ್ನಿಗೆ ಇಷ್ಟು ಗೊತ್ತಾಗುವುದಾದರೆ, ಅಂದು ನನ್ನ ಗೆಳತಿಯ ಬೆನ್ನಿಗೂ ಗೊತ್ತಾಗಿರಲೇಬೇಕು. ಸಂಜೆ ಕೆರೆಯ ಏರಿಯ ಮೇಲೆ ನಡೆದುಹೋಗುವಾಗ ಕೇಳಿದೆ. ಅವಳು ನಡೆಯುವುದನ್ನು ನಿಲ್ಲಿಸದೆ ಹೇಳಿದಳು: “ಗೊತ್ತಿತ್ತು ಕಣೆ. ನಿನ್ನ ಕೈ ಬಿತ್ತು, ಕೂಗು ಬರಲಿಲ್ಲ. ಬರುತ್ತದೆ ಎಂದು ಎದ್ದುಬಿಟ್ಟೆ. ನಾನು ಕಾಯಬೇಕಿತ್ತು.”

ಅಲ್ಲಿಯವರೆಗೆ ಆ ತಪ್ಪು ನನ್ನೊಬ್ಬಳದೇ ಎಂದು ನಾನು ಹೊತ್ತುಕೊಂಡಿದ್ದೆ. ತನ್ನೊಬ್ಬಳದೇ ಎಂದು ಅವಳೂ ಹೊತ್ತುಕೊಂಡಿದ್ದಳು. ನಡುವೆ ಒಂದೂವರೆ ತಿಂಗಳು ಕಳೆದಿತ್ತು. ದಿನವೂ ಒಟ್ಟಿಗೆ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಬರುತ್ತಿದ್ದೆವು.

ಸರ್‌ಗೆ ಹೋಗಿ ಇಬ್ಬರೂ ಹೇಳಿದೆವು. “ಗೊತ್ತು” ಎಂದರು ಅವರು. ಆಮೇಲೆ, ನಾವು ಕೇಳದಿದ್ದರೂ, ಮೈಸೂರಿನ ಕಥೆ ಹೇಳಿದರು. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಮೈದಾನದಲ್ಲಿ ಕರ್ನಾಟಕ ಮುಂಬೈ ವಿರುದ್ಧ ರಣಜಿ ಫೈನಲ್ ಆಡಿತ್ತು. ಗೆಲ್ಲಲು 338 ಬೇಕಿತ್ತು. ಮನೀಷ್ ಪಾಂಡೆ 144 ಹೊಡೆದರು. 331ಕ್ಕೆ ಆಲೌಟ್, ಆರು ರನ್ ಸೋಲು. ಸರ್ ಅಲ್ಲಿದ್ದರು. “ಪಂದ್ಯ ಮುಗಿದು ಎಷ್ಟೋ ಹೊತ್ತಾದರೂ ನನಗೆ ಏಳಲು ಆಗಲಿಲ್ಲ. ಆಟಗಾರರಿಗೆ ನಾಳೆ ನೆಟ್ಸ್‌ನಲ್ಲಿ ಅಭ್ಯಾಸ ಇರುತ್ತದಮ್ಮ. ನನಗೆ ತುಮಕೂರಿನ ಬಸ್ಸು ಹಿಡಿಯುವುದೊಂದೇ ಇತ್ತು” ಎಂದರು. ಕರ್ನಾಟಕ ರಣಜಿ ಗೆಲ್ಲಲು ಅಲ್ಲಿಂದ ನಾಲ್ಕು ವರ್ಷ ಬೇಕಾಯಿತು. ಆ ಮಾತನ್ನು ಅವರು ಹೇಳಲಿಲ್ಲ. ಅದನ್ನು ಹೇಳಿದ್ದರೆ ಅದೂ ಒಂದು ಸಮಾಧಾನವಾಗುತ್ತಿತ್ತು, ಅವರಿಗೆ ಸಮಾಧಾನ ಹೇಳುವ ಅಭ್ಯಾಸವೇ ಇರಲಿಲ್ಲ. ಆದರೆ ಬಸ್ಸಿನ ಮಾತು ನನ್ನಲ್ಲಿ ಉಳಿಯಿತು. ಆಡಿದವಳಿಗೆ ಅಂಗಳವಿದೆ, ಕಂಬವಿದೆ, ತಪ್ಪಿದ್ದನ್ನು ನೂರು ಸಲ ಮಾಡಿ ತಿದ್ದಿಕೊಳ್ಳಲು ಕೈಯಿದೆ. ಟೆಂಪೊದಲ್ಲಿ ಬಂದವರಿಗೆ ಏನಿದೆ? ಅವರಿಗೆ ಆ ಅಂಪೈರ್ ಒಬ್ಬನಿದ್ದ.

ಅದಕ್ಕೇ ಊರಿನಲ್ಲಿ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಏಳು ತಿಂಗಳು ಹಾಗೇ ಕಳೆಯಿತು.

2017ರ ಜುಲೈ 23, ಭಾನುವಾರ. ಲಾರ್ಡ್ಸ್‌ನಲ್ಲಿ ಮಹಿಳಾ ವಿಶ್ವಕಪ್ ಫೈನಲ್. ನಮ್ಮ ಊರಿನಲ್ಲಿ ಹೆಂಗಸರ ಕ್ರಿಕೆಟ್ಟನ್ನು ಎಲ್ಲರೂ ಕೂಡಿ ನೋಡಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಇಂಗ್ಲೆಂಡ್ 228. ನಮ್ಮವರು 3 ವಿಕೆಟ್‌ಗೆ 191ರಲ್ಲಿದ್ದರು. ಪೂನಂ ರಾವುತ್ 86 ಹೊಡೆದು ಔಟಾದರು. ನಮ್ಮ ಬಿ.ಎಚ್. (ಬೆಂಗಳೂರು–ಹೊನ್ನಾವರ) ರಸ್ತೆಯ ಮೇಲೆಯೇ ಇರುವ ಕಡೂರಿನ ವೇದಾ ಕೃಷ್ಣಮೂರ್ತಿ 35 ಹೊಡೆದು ಆಸೆ ಹುಟ್ಟಿಸಿದರು, ಅವರೂ ಹೋದರು. ಕೊನೆಯ ಏಳು ವಿಕೆಟ್ 28 ರನ್‌ಗಳಲ್ಲಿ ಉರುಳಿದವು. ಕಡೆಯದು ವಿಜಯಪುರದ ರಾಜೇಶ್ವರಿ ಗಾಯಕವಾಡ್ ಅವರದು. 219ಕ್ಕೆ ಮುಗಿಯಿತು, ಒಂಬತ್ತು ರನ್ ಸೋಲು. ನಾನು ಪರದೆಯ ಮೇಲೆ ಅವರ ಕೈಗಳನ್ನೇ ನೋಡುತ್ತಿದ್ದೆ. ಎಲ್ಲಿಡಬೇಕೆಂದು ತಿಳಿಯದ ಕೈಗಳು.

ಮರುದಿನ ಬೆಳಗ್ಗೆ ಹಾಲಿನ ಡೇರಿಯಿಂದ ಬರುವಾಗ ಟೀ ಅಂಗಡಿಯಲ್ಲಿ ಅದೇ ಮಾತು ನಡೆಯುತ್ತಿತ್ತು. ಒಬ್ಬರು ಆ ಹೊಡೆತ ಬೇಕಿರಲಿಲ್ಲ ಎಂದರು, ಇನ್ನೊಬ್ಬರು ಈ ರನ್‌ಗೆ ಓಡಬಾರದಿತ್ತು ಎಂದರು. ಆಗ ಟೀ ಅಂಗಡಿ ಮಾವ ನನ್ನನ್ನು ನೋಡಿ ಹೇಳಿದರು: “ಅವರಾದರೂ ಆಡಿ ಸೋತರು. ನಮ್ಮ ಮಕ್ಕಳನ್ನು ಸೀಟಿ ಊದಿ ಸೋಲಿಸಿದರಲ್ಲ.”

ಹಾಲಿನ ಕ್ಯಾನನ್ನು ಕೆಳಗಿಟ್ಟೆ. “ಇಲ್ಲ ಮಾವ. ಅದು ಫೌಲ್ ಆಗಿತ್ತು. ನನ್ನ ಕೈ ಮೊದಲು ಹೋಯಿತು, ಕೂಗು ಆಮೇಲೆ ಬಂತು. ಅಂಪೈರ್ ಸರಿಯಾಗಿಯೇ ಊದಿದರು.”

ಯಾರೂ ಮಾತನಾಡಲಿಲ್ಲ. ಸ್ಟೌವಿನ ಮೇಲೆ ಟೀ ಉಕ್ಕಿ ಚುಯ್ ಎಂದಿತು. ಮಾವ ಅದನ್ನು ಇಳಿಸಿದರು, ಒಂದು ಲೋಟ ತುಂಬಿ ನನ್ನ ಕಡೆ ಇಟ್ಟರು. ತಮಟೆಯ ತಾತ ಮೂಲೆಯಲ್ಲಿ ಕುಳಿತಿದ್ದವರು ಬಹಳ ಹೊತ್ತಿನ ಮೇಲೆ, “ಏಳು ತಿಂಗಳು ಆ ಪುಣ್ಯಾತ್ಮನನ್ನು ಬಯ್ದೆನಲ್ಲಮ್ಮ” ಎಂದರು. ಬೇರೊಬ್ಬರು ಕೇಳಿದರು: “ಹಾಗಾದರೆ ಸರಿಯಾಗಿ ಹೇಳು, ಹೇಗಾಯಿತು?” ನಾನು ಬೆಂಚಿನ ಮೇಲೆ ಕುಳಿತು ಮೊದಲಿನಿಂದ ಹೇಳಿದೆ. ಗೇಣು ದೂರ, ಸೊಂಟ ಬಳುಕಿಸಿದ್ದು, ಬೆನ್ನು, ಕೈ, ಕೂಗು. ಸಕ್ಕರೆ ಡಬ್ಬ, ಲೋಟಗಳನ್ನು ಸಾಲಾಗಿ ಇಟ್ಟು ತೋರಿಸಿದೆ. ಅವರು ಪ್ರಶ್ನೆ ಕೇಳಿದರು, ಲೋಟ ಸರಿಸಿದರು, ಹೀಗಲ್ಲ ಹಾಗೆ ಎಂದರು. ಟೆಂಪೊ ಇಳಿದ ರಾತ್ರಿಯಿಂದ ಅಂದಿನವರೆಗೆ ಆ ಪಂದ್ಯದ ಬಗ್ಗೆ ಯಾರೂ ನನ್ನನ್ನು ಏನೂ ಕೇಳಿಯೇ ಇರಲಿಲ್ಲ, ಸಮಾಧಾನವನ್ನಷ್ಟೇ ಹೇಳಿದ್ದರು.

ಅಣ್ಣನಿಗೆ ಮಾತ್ರ ಅದು ಸುಲಭವಾಗಲಿಲ್ಲ. ಪಕ್ಕದ ಊರಿನ ಹುಡುಗನೊಬ್ಬ ಆ ಫೌಲ್ ಸರಿಯೆಂದದ್ದಕ್ಕೆ ಅವನು ಜಾತ್ರೆಯಲ್ಲಿ ಕೈಕೈ ಮಿಲಾಯಿಸಿ ಅಂಗಿ ಹರಿಸಿಕೊಂಡು ಬಂದಿದ್ದ, ನನಗೋಸ್ಕರ. ನಾಲ್ಕು ದಿನ ನನ್ನ ಜೊತೆ ಮಾತನಾಡಲಿಲ್ಲ. ಐದನೆಯ ದಿನ ಕಾಯಿ ಸುಲಿಯುತ್ತಿದ್ದಾಗ, ಕತ್ತಿಯಿಂದ ಕಣ್ಣೆತ್ತದೆ ಹೇಳಿದ: “ನಮಗೆ ಬೈಯಲಿಕ್ಕೆ ಒಬ್ಬನಿದ್ದ. ಅವನನ್ನೂ ತೆಗೆದುಬಿಟ್ಟೆ.” ನನ್ನ ಹತ್ತಿರ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಸುಲಿದ ಕಾಯಿಗಳನ್ನು ಎತ್ತಿ ಒಂದು ಕಡೆ ಹಾಕುತ್ತ ಅವನ ಪಕ್ಕದಲ್ಲಿ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಅವನೇ ಪಕ್ಕದ ಊರಿಗೆ ಹೋಗಿ ಆ ಹುಡುಗನನ್ನು ಕಂಡು ಬಂದ. ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಮುಂದಿನ ವರ್ಷದ ಟೂರ್ನಿಯಲ್ಲಿ ನಾವು ಕ್ವಾರ್ಟರ್‌ಫೈನಲ್‌ನಲ್ಲೇ ಸೋತೆವು. ಆ ಟೆಂಪೊದಲ್ಲಿ ಪಕ್ಕದ ಊರಿನ ಹುಡುಗನೂ ಇದ್ದ.

ಅಣ್ಣ ಕಾಯ್ದದ್ದು ಬಹಳ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು ಆರು ರನ್‌ನಿಂದ ಸೋಲಿಸಿದಾಗ ನನಗೆ ಫೋನ್ ಮಾಡಿದ. ಆ ಕಡೆಯಿಂದ ಅಳುವೊಂದೇ ಕೇಳಿಸಿತು. “ಊಟ ಮಾಡಿದೆಯಾ?” ಎಂದೆ. “ಇಲ್ಲ” ಎಂದ. ಮರುದಿನ ಬೆಂಗಳೂರಿಗೆ ಹೊರಟಿದ್ದವನು ಕೊಬ್ಬರಿ ಸಾಗಿಸುವ ಗಾಡಿ ಬಂದದ್ದರಿಂದ ಉಳಿದುಕೊಂಡ. ಅಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರೂ ಅವನಂತೆಯೇ ವರ್ಷಗಟ್ಟಲೆ ಸೋಲುಗಳನ್ನು ನುಂಗಿಕೊಂಡು ಕಾದವರಾಗಿರಬೇಕು. ಅವನು ಆ ಕಪ್ಪಿನ ಬಗ್ಗೆ ಸಂತೋಷದಿಂದ ಮಾತನಾಡಿದ್ದನ್ನು ನಾನು ಆಮೇಲೆ ಕೇಳಿಲ್ಲ.

ನಾನೀಗ ತುಮಕೂರಿನ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ನಮ್ಮ ಹುಡುಗಿಯರ ಜೊತೆ ಕುಳಿತು ಫೈನಲ್ ನೋಡಿದೆ. ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ನಮ್ಮ ರಾಜ್ಯದ ಚೈತ್ರಾ ಆ ತಂಡದಲ್ಲಿದ್ದರು. ಮಕ್ಕಳು ಕುಣಿದಾಡಿದರು, ನಾನೂ ಕುಣಿದೆ. ಆದರೆ ಕ್ಯಾಮೆರಾ ನೇಪಾಳದ ಹುಡುಗಿಯರ ಕಡೆ ತಿರುಗಿದಾಗ ನನ್ನ ಕಣ್ಣು ಅಲ್ಲೇ ನಿಂತಿತು. ಅದು ಇನ್ನೂ ಹೋಗಿಲ್ಲ, ಹೋಗುವುದೂ ಬೇಡ.

ನಮ್ಮ ಹುಡುಗಿಯರು ಸೋತ ದಿನ ನಾನು ಸೋಲು ಗೆಲುವು ಸಹಜ ಎನ್ನುವುದಿಲ್ಲ. ಮುಂದಿನ ವರ್ಷ ಗೆಲ್ಲುತ್ತೀರಿ ಎನ್ನುವುದಿಲ್ಲ. ಅದು ನನಗೆ ಗೊತ್ತಿಲ್ಲದ ಸಂಗತಿ. ನೀರು ಕೊಡುತ್ತೇನೆ. ಗೆದ್ದವರ ಕೈಕುಲುಕಿಸುತ್ತೇನೆ. ಮ್ಯಾಟ್ ಸುತ್ತುವುದು, ಚೀಲ ಎಣಿಸುವುದು, ಹೀಗೆ ಕೈಗೆ ಏನಾದರೂ ಕೆಲಸ ಹಚ್ಚುತ್ತೇನೆ. ತಪ್ಪು ಹುಡುಕುವ ಕೆಲಸವನ್ನು ಆ ದಿನ ಮಾಡುವುದಿಲ್ಲ, ಆದರೆ ತಪ್ಪು ಮಾಡಿದವಳ ಪಕ್ಕದ ಸೀಟಿನಲ್ಲಿ ನಾನೇ ಕುಳಿತುಕೊಳ್ಳುತ್ತೇನೆ.

ಹೋದ ಸಲ ತಿಪಟೂರಿನಲ್ಲಿ ಒಂದು ಫೈನಲ್ ಸೋತು ಬರುವಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕಿಟಕಿಗೆ ತಲೆ ಒರಗಿಸಿ ಕುಳಿತಿದ್ದಳು. ಮೈದಾನದಿಂದ ಹೊರಟಾಗಿನಿಂದ ಒಂದು ಮಾತಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ, “ಮಿಸ್, ಆ ಅಂಪೈರ್...” ಎಂದು ಶುರುಮಾಡಿದರು. ಇವಳ ಹೆಗಲು ಬಿಗಿಯಾದದ್ದು ನನ್ನ ತೋಳಿಗೆ ತಿಳಿಯಿತು.

“ಹೇಗಾಯಿತು, ಮೊದಲಿನಿಂದ ಹೇಳು” ಎಂದೆ.

ಅವಳು ಬಹಳ ಹೊತ್ತು ಹೊರಗೆ ನೋಡಿದಳು. ಆಮೇಲೆ ಟಾಸ್‌ನಿಂದ ಶುರುಮಾಡಿದಳು. ಬಸ್ಸು ನಿಟ್ಟೂರು ದಾಟಿದಾಗ ಅವಳಿನ್ನೂ ಮೊದಲ ಇನ್ನಿಂಗ್ಸ್‌ನಲ್ಲೇ ಇದ್ದಳು.